ಬಿಳಿಯಕ್ಕನ ಮುಖ

ಅರ್ಧ ಮಡಿಸಿದ ಚಾದರದ ಎರಡು ಮೂಲೆಗಳು ಅವಳ ಕೈಯಲ್ಲಿದ್ದವು, ಇನ್ನೆರಡು ಜೊತೆಗೆ ಕೆಲಸ ಮಾಡುವ ದೊಡ್ಡಕ್ಕನ ಕೈಯಲ್ಲಿ. ಆಸ್ಪತ್ರೆಯ ಲಾಂಡ್ರಿಯಲ್ಲಿ, ಅಲ್ಲಿಯವರ ಬಾಯಲ್ಲಿ ಅದು ಬಟ್ಟೆಮನೆ, ಚಾದರ ಮಡಿಸುವ ಕ್ರಮವೇ ಹಾಗೆ. ಇಬ್ಬರು ದೂರ ನಿಂತು ಜಗ್ಗಿ ಸುಕ್ಕು ಬಿಡಿಸಬೇಕು, ಆಮೇಲೆ ಎದುರುಬದುರು ನಡೆದುಬಂದು ಮೂಲೆಗೆ ಮೂಲೆ ಸೇರಿಸಬೇಕು, ಒಬ್ಬಳು ಬಿಟ್ಟುಕೊಟ್ಟು ಇನ್ನೊಬ್ಬಳು ಹಿಡಿದುಕೊಂಡು ಮತ್ತೆ ಹಿಂದೆ ಸರಿಯಬೇಕು. ಯಂತ್ರಗಳ ಗದ್ದಲದಲ್ಲಿ ದೂರದಿಂದ ಆಡಿದ ಮಾತು ಕೇಳಿಸುವುದಿಲ್ಲ. ಹಾಗಾಗಿ ಮೂಲೆಗಳು ಸೇರುವ ಗಳಿಗೆಯಲ್ಲಿ ಒಂದು ಮಾತು, ಅದಕ್ಕೆ ಉತ್ತರ ಮುಂದಿನ ಚಾದರಕ್ಕೆ. ಒಂದು ಮನೆಯ ಜಗಳವನ್ನು ಪೂರ್ತಿ ಕೇಳಬೇಕಾದರೆ ಒಂದು ವಾರ್ಡಿನ ಹಾಸಿಗೆಗಳೆಲ್ಲ ಮುಗಿಯಬೇಕು.

"ನಿನ್ನ ಮಗಳು ನಿನ್ನೆ ಇಲ್ಲಿಗೆ ಬಂದಿದ್ಳು," ಎಂದಳು ದೊಡ್ಡಕ್ಕ, ಮೂಲೆ ಕೊಡುತ್ತ.

ಹಿಂದೆ ಸರಿದು, ಜಗ್ಗಿ, ಮತ್ತೆ ಹತ್ತಿರ ಬರುವ ತನಕ ಅವಳು ಕಾಯಬೇಕಾಯಿತು. "ಯಾಕಂತೆ?"

"ಹಳೇ ಕಟ್ಟಡದ ಕೀಲಿ ಯಾರ ಹತ್ರ ಇದೆ ಅಂತ ಕೇಳಿದ್ಳು."

ಮೂಲೆ ಅವಳ ಕೈಯಿಂದ ಜಾರಿತು. ಇಸ್ತ್ರಿಯಾದ ಬಟ್ಟೆ ಒದ್ದೆ ನೆಲದ ಮೇಲೆ ಬಿತ್ತು. ನೆಲ ಮುಟ್ಟಿದ್ದು ಮತ್ತೆ ಕೊಳೆಬುಟ್ಟಿಗೇ ಹೋಗಬೇಕು.

"ಬೀಳಿಸಿದ್ಯಾ? ಪುಕ್ಕಲಿ ಅಂತ ನಿನಗೆ ನಾವು ಸುಮ್ನೆ ಹೆಸರಿಡಲಿಲ್ಲ. ಬೀಗ ಅಂದ್ರೂ ಭಯ, ಕೀಲಿ ಅಂದ್ರೂ ಭಯ."

"ನೀನೇನು ಹೇಳ್ದೆ ದೊಡ್ಡಕ್ಕಾ?"

"ಅಲ್ಲಿನ ಬಟ್ಟೆ ಕೋಠಿಗೆ ಬೀಗಾನೇ ಇಲ್ವಲ್ಲ ಮರಿ, ಹೊರಗಡೆ ಆ ಹಾಳು ಚಿಲಕ ಒಂದೇ, ಅಂದೆ. ಸುಳ್ಳು ಹೇಳ್ಬೇಕಿತ್ತಾ?"

ಪುಕ್ಕಲಿ ಬಿದ್ದದ್ದನ್ನು ಬುಟ್ಟಿಗೆ ಹಾಕಿ ಮುಂದಿನ ಚಾದರ ಎತ್ತಿಕೊಂಡಳು.

ಅವಳಿಗೆ ಆ ಹೆಸರು ಅಂಟಿಕೊಳ್ಳಲು ಕಾರಣಗಳಿಗೇನೂ ಬರವಿರಲಿಲ್ಲ. ಅವಳು ಲಿಫ್ಟ್ ಹತ್ತುವುದಿಲ್ಲ. ಬಟ್ಟೆಯ ಗಾಡಿ ತಳ್ಳಿಕೊಂಡು ಇಳಿಜಾರು ದಾರಿಯಲ್ಲೇ ಸುತ್ತಿ ಹೋಗುತ್ತಾಳೆ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕುವುದಿಲ್ಲ. ಬಕೆಟ್ಟು ಒತ್ತಿಟ್ಟು, ಒಳಗೆ ಜನ ಇದ್ದಾರೆಂದು ತಿಳಿಯಲಿ ಅಂತ ಗಟ್ಟಿಯಾಗಿ ಗುನುಗುತ್ತಾಳೆ. ಒಲೆ ಹಚ್ಚುವಾಗ ಮುಖ ತಿರುಗಿಸಿ, ಮೈಯನ್ನೆಲ್ಲ ಹಿಂದೆ ಬಿಟ್ಟು ಕೈಯೊಂದನ್ನೇ ಮುಂದಕ್ಕೆ ಕಳಿಸುತ್ತಾಳೆ. ಹೊಸಬರಿಗೆ ಇದೆಲ್ಲ ತಮಾಷೆ. ದೊಡ್ಡಕ್ಕನಂಥ ಹಳಬರಿಗೆ ಮಾತ್ರ ಇನ್ನೊಂದು ಹೆಸರಿನ ನೆನಪಿತ್ತು. ಬಟ್ಟೆಮನೆ ಹಳೇ ಕಟ್ಟಡದಲ್ಲಿದ್ದ ಕಾಲದಲ್ಲಿ ಇವಳೇ ಅಲ್ಲಿಯ ಗಂಡುಬೀರಿ. ಹಬೆಯ ಕೊಳವೆ ಸೋರಿದರೆ ಮೇಸ್ತ್ರಿಗಿಂತ ಮೊದಲು ನುಗ್ಗುವವಳು, ಹೊರಗೆ ಬಂದು ಮೇಸ್ತ್ರಿಯನ್ನೇ ಬೈಯುವವಳು.

ಹಾಗೆ ನುಗ್ಗುವುದಕ್ಕೂ ಅಲ್ಲೊಂದು ಪದ್ಧತಿ ಇತ್ತು. ಬಾಯ್ಲರ್ ಕೋಣೆಯ ಬಾಗಿಲ ಪಕ್ಕ ಒಂದು ತೊಟ್ಟಿ. ಅದರಲ್ಲಿ ನೀಲಿ ಅಂಚಿನ ದಪ್ಪ ಚಾದರವೊಂದು ಸದಾ ನೆನೆದಿರುತ್ತಿತ್ತು. ಹಬೆಯೊಳಗೋ ಹೊಗೆಯೊಳಗೋ ಹೋಗಬೇಕಾದವರು ಅದನ್ನು ತಲೆಯ ಮೇಲಿಂದ ಸುತ್ತಿಕೊಂಡು, ಎರಡೂ ಕೈ ಖಾಲಿ ಇರಲೆಂದು, ಮುಖದ ಮೇಲೆ ಇಳಿದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಬಾಯಿ ಬಿಟ್ಟರೆ ಚಾದರ ಜಾರಿತು, ಹೊಗೆ ಎದೆಗೆ ಹೋಯಿತು. ಒಳಗೆ ಹೋದವಳು ಮೂಕಿ ಎನ್ನುವುದು ಬಟ್ಟೆಮನೆಗೆ ಸೇರಿದವರಿಗೆಲ್ಲ ಮೊದಲ ಪಾಠ.

ಮಗಳು ಇನ್ನೂ ತೊದಲು ಮಾತಿನ ಕೂಸಾಗಿದ್ದಾಗ ಒಂದು ದಿನ, ಅತ್ತೆಗೆ ಜ್ವರವೆಂದು, ಪುಕ್ಕಲಿ ಅವಳನ್ನು ಕೆಲಸಕ್ಕೆ ಕರೆತಂದಿದ್ದಳು. ಊಟವಾದ ಮೇಲೆ ಬಟ್ಟೆ ಕೋಠಿಯಲ್ಲಿ, ಮಡಿಸಿಟ್ಟ ಚಾದರಗಳ ರಾಶಿಯ ಮೇಲೆ ಮಲಗಿಸಿದಳು. ಅಲ್ಲಿಯ ಹೆಂಗಸರೆಲ್ಲ ಮಕ್ಕಳನ್ನು ಹಾಗೆ ಮಲಗಿಸುತ್ತಿದ್ದರು. ಅದಕ್ಕಿಂತ ಮೆತ್ತನೆಯ ತೊಟ್ಟಿಲು ಇನ್ನೆಲ್ಲಿ? ಅವತ್ತು ಕೊಳವೆ ಒಡೆಯಿತು, ವೈರಿನ ಕಿಡಿ ಗೋಡೆಗೆ ಮೆತ್ತಿದ್ದ ನೂಲಿನ ಧೂಳಿಗೆ ಹತ್ತಿತು. ಎಲ್ಲರೂ ಹೊರಗೆ ಓಡಿದರು. ಕೋಠಿಯ ಕಬ್ಬಿಣದ ಬಾಗಿಲು ಗಾಳಿಗೆ ಮುಚ್ಚಿಕೊಂಡಿತ್ತು, ಹೊರಗಿನ ಚಿಲಕ ತನ್ನಷ್ಟಕ್ಕೆ ಬಿದ್ದಿತ್ತು. ಬೀಳುವುದು ಅದರ ಹಳೆಯ ಚಾಳಿ.

ದೊಡ್ಡಕ್ಕನೇ ತೊಟ್ಟಿಯಿಂದ ಚಾದರ ತೆಗೆದುಕೊಟ್ಟವಳು. ಪುಕ್ಕಲಿ ಸುತ್ತಿಕೊಂಡಳು, ತುದಿ ಕಚ್ಚಿದಳು, ಹೋದಳು. ಕಾದ ಚಿಲಕ ಎತ್ತುವಾಗ ಮುಂಗೈ ಸುಟ್ಟಿತು. ಹೊಗೆಯಲ್ಲಿ ಕೂಸು, "ಅಮ್ಮಾ! ಅಮ್ಮಾ!" ಎಂದು ಕಿರುಚುತ್ತಿತ್ತು. ಬಂದೆ ಕಂದಾ ಎನ್ನುವ ಮಾತು ಗಂಟಲ ತನಕ ಬಂದು, ಹಲ್ಲಿಗೆ ಸಿಕ್ಕಿದ ಬಟ್ಟೆಗೆ ತಾಗಿ ಹಿಂದೆ ಹೋಯಿತು. ಕೂಸನ್ನು ಎತ್ತಿ ತಂದು ಹೊರಗಿನ ಮೆಟ್ಟಿಲ ಮೇಲೆ ದೊಡ್ಡಕ್ಕನ ಮಡಿಲಿಗೆ ಹಾಕಿ, ಹಬೆಯ ತಿರುಪು ಮುಚ್ಚಲು ಅವಳು ಮತ್ತೆ ಒಳಗೆ ಹೋದಳು. ಎರಡನೆಯ ಸಲ ಹೊರಗೆ ಬಂದಾಗ ಮೈಮೇಲೆ ಚಾದರ ಇರಲಿಲ್ಲ. ಎಲ್ಲಿ ಬಿತ್ತೋ, ಯಾವಾಗ ಬಿತ್ತೋ, ತಿರುಪು ಮುಚ್ಚಿದ್ದೂ ಅವಳಿಗೆ ನೆನಪಿರಲಿಲ್ಲ. ಮಸಿ ಮೆತ್ತಿದ ಮುಖದಲ್ಲಿ ತಡವಾಗಿ ಬಂದ ತಾಯಿಯನ್ನು ಕೂಸು ಎರಡೂ ಕೈಯಿಂದ ಹೊಡೆಯಿತು. "ನೀನು ಬರಲೇ ಇಲ್ಲ!"

ನಾನೇ ಕಣೇ ಬಂದಿದ್ದು ಎಂದರೆ ಕೂಸು ಒಪ್ಪಲಿಲ್ಲ. ಬಂದವಳು ಬಿಳಿ ಬಿಳಿ ಇದ್ದಳು, ಅವಳಿಗೆ ಮುಖ ಇರಲಿಲ್ಲ. ಮುಖ್ಯವಾಗಿ, "ಅಮ್ಮ ಆಗಿದ್ರೆ ಓ ಅಂತಿದ್ಳು." ಆ ವಾದಕ್ಕೆ ಯಾವ ವಕೀಲನೂ ಉತ್ತರ ಹೇಳಲಾರ.

ರಾತ್ರಿಗಳಲ್ಲಿ ಕೂಸು ಬೆಚ್ಚಿ ಏಳತೊಡಗಿದಾಗ ಅತ್ತೆಯೇ ಆ ಬಿಳಿಯವಳಿಗೊಂದು ಹೆಸರಿಟ್ಟಳು. "ಬಿಳಿಯಕ್ಕ ಬಾಗಿಲಲ್ಲೇ ನಿಂತಿದ್ದಾಳೆ ಪುಟ್ಟಾ, ಮಲಕ್ಕೋ." ಕೂಸು ಮಲಗಿತು. ಪುಕ್ಕಲಿಯ ಮುಖ ಸಣ್ಣದಾದದ್ದನ್ನು ನೋಡಿ ಅತ್ತೆ ಹೇಳಿದ್ದಳು, "ಕಾವಲಿಗೆ ಅಂತ ಒಬ್ಳು ಸಿಕ್ಕಿದ್ದಾಳೆ, ಇರ್ಲಿ ಬಿಡೇ. ಯಾರಾದ್ರೇನು, ನಿದ್ದೆ ಬಂದ್ರೆ ಸಾಕಲ್ವಾ? ದೊಡ್ಡವಳಾದ ಮೇಲೆ ಹೇಳಿದ್ರಾಯ್ತು."

ಮಗಳು ದೊಡ್ಡವಳಾದಳು. ಈಗ ಹೈಸ್ಕೂಲಿನ ಕೊನೆಯ ವರ್ಷ. ಅಮ್ಮನಿಗಿಂತ ಒಂದು ಬೆರಳು ಎತ್ತರ, ಮಾತಿನಲ್ಲಿ ಅಜ್ಜಿಗಿಂತ ಒಂದು ಕೈ ಮೇಲು. ಹೇಳುವ ದಿನ ಮಾತ್ರ ಬಂದಿರಲಿಲ್ಲ. ಅಪ್ಪ ಲಾರಿಯ ಮೇಲೆ ಊರೂರು ತಿರುಗುವವನು; ಮನೆಗೆ ಬಂದ ದಿನ ಅವನಿಗೆ ನಿದ್ದೆಯೇ ಹೆಂಡತಿ, ದಿಂಬೇ ಮಗಳು. ಪುಕ್ಕಲಿಯ ಮುಂಗೈಯ ಸುಟ್ಟ ಕಲೆ, ಮಗಳ ಲೆಕ್ಕದಲ್ಲಿ, ಇಸ್ತ್ರಿ ತಾಗಿ ಆದದ್ದು. "ನಮ್ಮಮ್ಮ ಇಸ್ತ್ರಿಪೆಟ್ಟಿಗೂ ಹೆದರ್ತಾಳೆ" ಎಂದು ಗೆಳತಿಯರ ಮುಂದೆ ನಗುತ್ತಿದ್ದಳು, ಪ್ರೀತಿಯಿಂದಲೇ.

ಈ ವರ್ಷ ಶಾಲೆಯ ಚಿತ್ರಕಲೆಯ ಟೀಚರ್ ಒಂದು ಕೆಲಸ ಕೊಟ್ಟಿದ್ದಳು. ಪ್ರತಿಯೊಬ್ಬರೂ ತಮ್ಮ ಪಾಲಿನ ವೀರ ಯಾರೋ ಅವರ ಚಿತ್ರ ಬರೆಯಬೇಕು. ಪೋಷಕರು ಬರುವ ದಿನ ಸಭಾಂಗಣದಲ್ಲಿ ತೂಗುಹಾಕುತ್ತಾರೆ. ಒಬ್ಬಳು ಸೈನಿಕನನ್ನು ಬರೆಯುತ್ತಿದ್ದಳು, ಒಬ್ಬ ಆಟಗಾರನನ್ನು, ಇನ್ನೊಬ್ಬ ತನ್ನ ನಾಯಿಯನ್ನು. ಮಗಳು ಬಿಳಿಯಕ್ಕನನ್ನು ಬರೆಯುತ್ತಿದ್ದಳು. ಕೋಣೆ ಗುಡಿಸಲು ಹೋದಾಗ ಪುಕ್ಕಲಿ ಅದನ್ನು ನೋಡಿದ್ದಳು. ಕಪ್ಪು ಹೊಗೆ, ನಡುವೆ ತಲೆಯಿಂದ ಪಾದದವರೆಗೆ ಬಿಳಿ ಹೊದ್ದ ಆಕೃತಿ, ತೋಳಲ್ಲಿ ಕೂಸು. ಅಂಚಿನ ನೀಲಿ ಗೆರೆಯನ್ನೂ ಮಗಳು ಮರೆತಿರಲಿಲ್ಲ. ಮುಖದ ಜಾಗದಲ್ಲಿ ಮಾತ್ರ ಬರೀ ಕಾಗದ. ಬರೆದು ಅಳಿಸಿ, ಬರೆದು ಅಳಿಸಿ, ಕಾಗದ ಅಲ್ಲಿ ತೆಳ್ಳಗಾಗಿ ಬೆಳಕು ತೂರಿಬರುತ್ತಿತ್ತು. ಪಕ್ಕದ ಕಿಟಕಿಯ ಪರದೆಯ ಕೆಳ ಅಂಚು ಸುಟ್ಟು ಕರಿಕಾಗಿತ್ತು. ಕೇಳಿದರೆ, "ಗಂಧದಕಡ್ಡಿ ತಾಗ್ತು," ಎಂದಿದ್ದಳು ಮಗಳು. ಆ ಮನೆಯಲ್ಲಿ ಗಂಧದಕಡ್ಡಿ ಹಚ್ಚುವವರೇ ಇರಲಿಲ್ಲ.

ದೊಡ್ಡಕ್ಕನಿಂದ ಕೀಲಿಯ ಸುದ್ದಿ ಕೇಳಿದ ಸಂಜೆ ಪುಕ್ಕಲಿ ಮನೆಗೆ ಬಂದವಳೇ ಒಣಗಿದ ಬಟ್ಟೆ ತರಲು ತಾರಸಿಗೆ ಹೋದಳು. ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಗಾಳಿ ಎಂಬುದು ಇರಲೇ ಇಲ್ಲ. ಹಗ್ಗದ ಮೇಲಿನ ಬಟ್ಟೆಗಳು ಗೋಡೆಗೆ ಬಡಿದ ಹಾಗೆ ನೆಟ್ಟಗೆ ನಿಂತಿದ್ದವು. ಬಿಳಿಯದೊಂದು ಮಾತ್ರ ಉಬ್ಬಿತ್ತು. ತಲೆಯ ಹತ್ತಿರ ದುಂಡಗೆ, ಕೆಳಗೆ ಎರಡು ಹೆಗಲಿನ ಅಗಲಕ್ಕೆ, ಒಳಗೆ ಯಾರೋ ಉಸಿರಾಡುತ್ತಿರುವಂತೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಅದರಾಚೆ, ತಾರಸಿಯ ಮೋಟು ಗೋಡೆಯ ಮೇಲೆ, ಬೀದಿಗೆ ಬೆನ್ನು ಮಾಡಿ ಮಗಳು ನಿಂತಿದ್ದಳು.

ಪುಕ್ಕಲಿಗೆ ಕೂಗಲು ಆಗಲಿಲ್ಲ. ಕೂಗಿದರೆ ಮಗಳು ಬೆಚ್ಚುತ್ತಾಳೆ ಎಂಬ ಬುದ್ಧಿಯಿಂದಲ್ಲ, ಬಾಯಿಯೇ ತೆರೆಯಲಿಲ್ಲ. ಮಗಳೇ ಅವಳನ್ನು ನೋಡಿ, ಥೂ ಎಂದು ಒಳಗಡೆಗೆ ಹಾರಿದಳು.

"ಹೋಯ್ತು! ನೀನು ಬಂದೆ, ಅವಳು ಹೋದ್ಳು."

ಪುಕ್ಕಲಿ ತಿರುಗಿ ನೋಡಿದಳು. ಹಗ್ಗದ ಮೇಲೆ ಬಟ್ಟೆಗಳೆಲ್ಲ ನೆಟ್ಟಗಿದ್ದವು.

"ನೀನು, ಆ ಗೋಡೆ ಮೇಲೆ..."

"ಬೀಳ್ತಿರಲಿಲ್ಲ ಅಮ್ಮಾ. ಬಿದ್ರೂ ಅವಳು ಹಿಡೀತಿದ್ಳು. ಅಪಾಯ ಇದ್ರೆ ಮಾತ್ರ ಬರೋದು ಅವಳು. ನನಗೆ ಮುಖ ಬೇಕು, ಮುಖ ಇಲ್ದೆ ಚಿತ್ರ ಹೇಗೆ ಕೊಡ್ಲಿ? ಮೊನ್ನೆ ಪರದೆಗೆ ಕಡ್ಡಿ ಗೀರಿದಾಗ ಬಾಗಿಲ ತನಕ ಬಂದಿದ್ಳು ಗೊತ್ತಾ? ಅಷ್ಟರಲ್ಲಿ ಬೆಂಕಿನೇ ಆರಿಹೋಯ್ತು."

ಪುಕ್ಕಲಿ ತಾರಸಿಯ ನೆಲದ ಮೇಲೆ ಕುಕ್ಕರಿಸಿ ಕುಳಿತಳು. ಹೇಳುವ ದಿನ ಬಂದಿತ್ತು, ಅದೂ ತಾನು ಕರೆಯದೆ. "ಅವಳು ನಾನೇ ಪುಟ್ಟಾ," ಎಂದಳು. ತೊಟ್ಟಿಯ ವಿಷಯ ಹೇಳಿದಳು, ಚಾದರದ ವಿಷಯ, ಹಲ್ಲಿನಲ್ಲಿ ಕಚ್ಚಿದ ತುದಿಯ ವಿಷಯ, ಅದಕ್ಕೇ ಓ ಎನ್ನಲಾಗದೆ ಹೋದದ್ದು. ಮುಂಗೈ ಮುಂದೆ ಚಾಚಿ ಕಲೆ ತೋರಿಸಿದಳು.

ಮಗಳು ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಕೇಳಿ ಮುಗಿದ ಮೇಲೆ ಅವಳ ತುಟಿ ನಡುಗಿತು, ಆಮೇಲೆ ನಗು ಒಡೆದುಬಂತು. "ಅಯ್ಯೋ ಅಮ್ಮಾ! ನೀನಾ? ಜಿರಲೆ ಬಂದ್ರೆ ಮಂಚ ಹತ್ತೋಳು ನೀನು. ಬೆಂಕಿಯೊಳಗೆ ಹೋದ್ಯಾ?" ಕೈ ಹಿಡಿದುಕೊಂಡಳು. "ನಾನು ಗೋಡೆ ಹತ್ತಬಾರದು ಅಂತ ಹೇಳ್ತಿದೀಯ, ಗೊತ್ತಾಯ್ತು. ಹತ್ತಲ್ಲ, ಆಯ್ತಾ? ಅದಕ್ಕೆ ಇಷ್ಟು ಉದ್ದ ಕಥೆ ಕಟ್ಟಬೇಕಾ?"

"ದೊಡ್ಡಕ್ಕನ್ನ ಕೇಳು ಬೇಕಾದ್ರೆ."

"ದೊಡ್ಡಕ್ಕ ನಿನ್ನ ಪಾರ್ಟಿ. ಹಗಲು ಅನ್ನೋದನ್ನ ನೀನು ರಾತ್ರಿ ಅಂದ್ರೆ ಅವಳು ಚಂದ್ರನ್ನೇ ತೋರಿಸ್ತಾಳೆ."

ಅಷ್ಟೇ ಆಯಿತು. ಮಗಳು ಮೆಟ್ಟಿಲು ಇಳಿದುಹೋದಳು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಎದೆಯಲ್ಲಿ ಕಾಪಿಟ್ಟುಕೊಂಡಿದ್ದ ಮಾತು, ಹುರಿದ ಕಾಳಿನ ಹಾಗೆ, ಬಿತ್ತಿದರೂ ಮೊಳೆಯಲಿಲ್ಲ. ಪುಕ್ಕಲಿ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹೆಗಲ ಮೇಲೆ ಹಾಕಿಕೊಂಡಳು. ಎಲ್ಲ ಅವಳೇ ಬೆಳಿಗ್ಗೆ ಹರವಿದವು. ಉಬ್ಬಿ ನಿಂತಿದ್ದ ಬಿಳಿಯದು ಅವುಗಳಲ್ಲಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಹಗ್ಗದ ಕೆಳಗೆ ನೆಲ ಒದ್ದೆಯಾಗಿತ್ತು.

ಮರುದಿನ ಮಡಿಸುವ ಮೇಜಿನ ಬಳಿ ದೊಡ್ಡಕ್ಕ ಎಲ್ಲವನ್ನೂ ಕೇಳಿದಳು, ನಾಲ್ಕಾರು ಚಾದರಗಳ ಅವಧಿಯಲ್ಲಿ. "ಹಿತ್ತಲ ಗಿಡ ಮದ್ದಲ್ಲ ಅಂತಾರೆ," ಎಂದಳು ಮೂಲೆ ಕೊಡುತ್ತ. ಮತ್ತೆ ಹತ್ತಿರ ಬಂದಾಗ ಸ್ವಲ್ಪ ತಡೆದು, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವತ್ತು ಎರಡನೇ ಸಲ ಒಳಗೆ ಹೋದ್ಯಲ್ಲ. ಹೊರಗೆ ಬಂದಿದ್ದು ಆ ಗಂಡುಬೀರಿ ಅಲ್ಲ. ನೀನು ಬಂದೆ. ಅವಳು ಬರಲೇ ಇಲ್ಲ."

"ಹಾಗಂದ್ರೆ?"

ಉತ್ತರಕ್ಕಾಗಿ ಪುಕ್ಕಲಿ ಮುಂದಿನ ಚಾದರದ ತನಕ ಕಾದಳು. ದೊಡ್ಡಕ್ಕ ಬೇರೆ ಮಾತು ತೆಗೆದಳು.

ರಜೆಯ ದಿನ ಮಧ್ಯಾಹ್ನ ಪುಕ್ಕಲಿ ಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಒಲೆಯ ಪಕ್ಕದ ಬೆಂಕಿಪೊಟ್ಟಣ ಇರಲಿಲ್ಲ.

"ಅತ್ತೆ, ಪುಟ್ಟಿ ಎಲ್ಲಿ?"

"ಬ್ರಷ್ ತರ್ತೀನಿ ಅಂತ ಹೋದ್ಳಪ್ಪ. ಕಿಸೆ ಗಲಗಲ ಅಂತಿತ್ತು. ಏನೇ ಅದು ಅಂದ್ರೆ, ನಿನ್ನ ಹಲ್ಲುಸೆಟ್ಟು ಅಜ್ಜಿ ಅಂದ್ಳು, ಕತ್ತೆ."

ಪುಕ್ಕಲಿ ಕೈಯಲ್ಲಿದ್ದ ಬಟ್ಟೆಯೊಂದಿಗೇ ಓಡಿದಳು. ಬೀದಿ ದಾಟಿ, ಆಸ್ಪತ್ರೆಯ ಹಿಂಬದಿಯ ಗೇಟು ದಾಟಿ, ಹೊಸ ಬಟ್ಟೆಮನೆಯ ಮಗ್ಗುಲಿಗೆ ಬಂದಳು. ಅಂಗಳದಾಚೆ ಹಳೇ ಕಟ್ಟಡ. ಬಟ್ಟೆ ಕೋಠಿಯ ಗವಾಕ್ಷಿಯಿಂದ ಹೊಗೆ ಬರುತ್ತಿತ್ತು, ತೆಳ್ಳಗೆ, ಆಮೇಲೆ ದಪ್ಪಗೆ. ಒಳಗಿನಿಂದ ಕಬ್ಬಿಣ ಬಡಿಯುವ ಸದ್ದು. ಚಿಲಕ ಬಿದ್ದಿತ್ತು, ದೂರದಿಂದಲೇ ಕಾಣುತ್ತಿತ್ತು.

ಅಂಗಳದ ತುದಿಯಲ್ಲಿ ಅವಳ ಕಾಲು ನಿಂತುಬಿಟ್ಟಿತು.

ಅವಳು ಕಾಲಿಗೆ ಹೇಳಿದಳು, ಬೈದಳು, ಬೇಡಿಕೊಂಡಳು. ಕಾಲು ಬೇರೆ ಯಾರದ್ದೋ ಎಂಬಂತೆ ನೆಲಕ್ಕೆ ಅಂಟಿತ್ತು. "ಅಮ್ಮಾ!" ಎಂಬ ಕೂಗು ಒಳಗಿನಿಂದ ಬಂತು, ಮತ್ತೊಮ್ಮೆ ಬಂತು. ಓ ಎನ್ನಲು ಹೋದರೆ ದವಡೆ ತೆರೆಯಲಿಲ್ಲ. ಹಲ್ಲಿಗೆ ಹಲ್ಲು ಕಚ್ಚಿಕೊಂಡಿತ್ತು. ಆಗ ಬಾಯಲ್ಲಿ ಒಂದು ರುಚಿ ಹರಡಿತು: ಒದ್ದೆ ಹತ್ತಿಬಟ್ಟೆ, ಸೋಡಾಪುಡಿ, ಹೊಗೆ. ಬಾಯಿ ಖಾಲಿ ಇತ್ತು, ಆದರೂ ನಾಲಿಗೆಯ ಮೇಲೆ ನೇಯ್ಗೆಯ ಒರಟು ತಾಗುತ್ತಿತ್ತು. ಮುಂಗೈಯ ಹಳೆಯ ಕಲೆ, ಈಗಷ್ಟೇ ಸುಟ್ಟಂತೆ, ಚುರ್ ಎಂದಿತು.

ಕಾಲು ಬಿಟ್ಟಿದ್ದು ಆಮೇಲೆ. ಅವಳು ಓಡಿಹೋದಾಗ ಚಿಲಕ ಮೇಲೆದ್ದಿತ್ತು. ಬಾಗಿಲು ಪೂರ್ತಿ ತೆರೆದಿತ್ತು. ಹೊರಗಿನ ಮೆಟ್ಟಿಲ ಮೇಲೆ, ಅದೇ ಮೆಟ್ಟಿಲ ಮೇಲೆ, ನೀಲಿ ಅಂಚಿನ ಒದ್ದೆ ಚಾದರವೊಂದನ್ನು ಹೊದ್ದುಕೊಂಡು ಮಗಳು ಕೆಮ್ಮುತ್ತಾ ಕುಳಿತಿದ್ದಳು. ಒಂದು ಕೂದಲೂ ಸುಟ್ಟಿರಲಿಲ್ಲ. ಕಣ್ಣು ಮಾತ್ರ ಹೊಳೆಯುತ್ತಿತ್ತು.

"ನೋಡ್ದೆ ಅಮ್ಮಾ. ಮುಖ ನೋಡ್ದೆ. ಬಟ್ಟೆ ಎಳೆದೇಬಿಟ್ಟೆ."

ಪುಕ್ಕಲಿ ಅವಳನ್ನು ತಬ್ಬಿಕೊಂಡಳು. ಒದ್ದೆ ಬಟ್ಟೆಯ ತಂಪು ಇಬ್ಬರ ನಡುವೆ ಇನ್ನೊಂದು ಮೈಯಂತೆ ಇತ್ತು.

"ತಟ್ಟೆಯಲ್ಲಿ ಸ್ವಲ್ಪ ಚಿಂದಿ ಹಚ್ಚಿದೆ ಅಷ್ಟೇ. ಹಲಗೆಗೆ ಹತ್ತಿಕೊಳ್ತು, ಬಾಗಿಲು ಬೇರೆ ಹಾಕಿಕೊಳ್ತು. ಭಯ ಆಗಿ ನಿನ್ನ ಕರೆದೆ. ಅವಳು ಬಂದ್ಳು. ನೀನು ಹೇಳಿದ್ಯಲ್ಲ, ಹಾಗೇ, ತುದಿ ಬಾಯಲ್ಲಿ ಕಚ್ಚಿಕೊಂಡಿದ್ಳು, ಅದಕ್ಕೇ ಮಾತಾಡಲಿಲ್ಲ." ಸ್ವಲ್ಪ ಯೋಚಿಸಿ, ಒಗಟು ಬಿಡಿಸಿದವಳಂತೆ ತಲೆಯಾಡಿಸಿದಳು. "ಅಂದ್ರೆ ನೀನೂ ಅವತ್ತು ಅವಳನ್ನ ನೋಡಿದೀಯ! ಅದಕ್ಕೇ ನಿನಗೆ ಇಷ್ಟೆಲ್ಲ ಗೊತ್ತು. ಮೊದಲೇ ಹೇಳೋದಲ್ವಾ?"

ನೀರಿನ ಬಕೆಟ್ಟು ಹಿಡಿದು ದೊಡ್ಡಕ್ಕನೂ ಇನ್ನಿಬ್ಬರೂ ಓಡಿಬಂದರು. ಬೆಂಕಿ ಹಲಗೆಗಳನ್ನು ದಾಟುವ ಮೊದಲೇ ಆರಿತು. ಮಗಳಿಗೆ ಸಿಕ್ಕ ಬೈಗುಳಕ್ಕೆ ಇಡೀ ಅಂಗಳ ಸಾಲಲಿಲ್ಲ. ಅದೆಲ್ಲ ಮುಗಿದು, ಇನ್ನು ಕಡ್ಡಿ ಮುಟ್ಟಲ್ಲ ಎಂದು ಮಗಳು ಆಣೆ ಮಾಡಿ ಕೊಳಾಯಿಯ ಕಡೆ ಹೋದ ಮೇಲೆ, ದೊಡ್ಡಕ್ಕ ಪುಕ್ಕಲಿಯ ಹತ್ತಿರ ಬಂದಳು. ಯಂತ್ರಗಳ ಸದ್ದು ಇಲ್ಲಿ ಇರಲಿಲ್ಲ. ಆದರೂ ಮೂಲೆ ಸೇರಿಸುವಷ್ಟು ಹತ್ತಿರ ಬಂದೇ ಮಾತಾಡಿದಳು.

"ಮೇಲಿನ ಕಿಟಕಿಯಿಂದ ನಾನು ನೋಡ್ತಿದ್ದೆ. ನೀನು ಅಂಗಳದಲ್ಲಿ ಕಂಬದ ಹಾಗೆ ನಿಂತಿದ್ದೆ. ಬಾಗಿಲು ತೆಗೆದವಳು ನೀನಲ್ಲ."

"ಮತ್ತೆ ಯಾರು?"

"ನಾನು ನೋಡಿದ್ದನ್ನ ನನ್ನ ಬಾಯಿಂದ ಹೇಳಿಸಬೇಡ." ಮಗಳು ಮೆಟ್ಟಿಲ ಮೇಲೆ ಬಿಟ್ಟುಹೋದ ಚಾದರದ ಕಡೆ ಗಲ್ಲ ತೋರಿಸಿದಳು. "ಆ ನೀಲಿ ಅಂಚಿನದು ನಮ್ಮಲ್ಲಿ ನಿಂತುಹೋಗಿ ಎಷ್ಟು ಕಾಲ ಆಯ್ತು! ಅದನ್ನ ಮನೆಗೆ ತರಬೇಡ. ಸುಟ್ಟುಹಾಕು."

ಅದು ಸುಡುವಂಥದ್ದಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಪುಕ್ಕಲಿ ಅದನ್ನು ಮನೆಗೆ ತಂದಳು. ತಾರಸಿಯ ಹಗ್ಗದ ಮೇಲೆ ಹರವಿದಳು. ಮರುದಿನ ನೆತ್ತಿ ಸೀಳುವ ಬಿಸಿಲು. ಪಕ್ಕದ ದಪ್ಪ ಟವೆಲ್ಲುಗಳು ಹಪ್ಪಳದಂತಾದವು, ಚಾದರ ಮಾತ್ರ ತೊಟ್ಟಿಯಿಂದ ಈಗ ತೆಗೆದಂತೆ ತೊಟ್ಟಿಕ್ಕುತ್ತಿತ್ತು. ಅದರ ಮರುದಿನವೂ ಹಾಗೆಯೇ. ಒಂದು ಮೂಲೆಯಲ್ಲಿ ಹಲ್ಲಿನ ಗುರುತು ಅರ್ಧಚಂದ್ರದಂತೆ ಬಿದ್ದಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಪುಕ್ಕಲಿ ಆ ಮೂಲೆಯನ್ನು ಬಾಯಿಗಿಟ್ಟು ಕಚ್ಚಿದಳು. ಅವಳ ಒಂದು ಹಲ್ಲು ಹುಟ್ಟಾ ಓರೆ. ಅದು ಹೋಗಿ ತನ್ನ ಗುಳಿಯಲ್ಲಿ, ಬೀಗಕ್ಕೆ ಕೀಲಿ ಕೂತಂತೆ, ಕೂತಿತು.

ಅವಳಿಗೆ ಆಗ ಹೆದರಿಕೆಯಾಗಬೇಕಿತ್ತು. ಜಿರಲೆಗೆ, ಲಿಫ್ಟಿಗೆ, ಅಗುಳಿಗೆ ಹೆದರುವವಳು ಇದಕ್ಕೆ ಹೆದರಲಿಲ್ಲ. ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಒಳಗೆ, ಬಹುಕಾಲದ ಮೇಲೆ ಯಾರದೋ ಕ್ಷೇಮಸಮಾಚಾರ ಬಂದಂಥ ಸಮಾಧಾನವೂ ಆಯಿತು. ಇದ್ದಾಳೆ. ಅಲ್ಲೇ ಇದ್ದಾಳೆ.

ಪೋಷಕರ ದಿನ ಅವಳು ಇದ್ದುದರಲ್ಲಿ ಒಳ್ಳೆಯ ಬಟ್ಟೆಯುಟ್ಟು ಶಾಲೆಗೆ ಹೋದಳು. ಸಭಾಂಗಣ ಮೂರನೆಯ ಮಹಡಿಯಲ್ಲಿತ್ತು. ಮಗಳು ಲಿಫ್ಟಿನ ಕಡೆ ನೋಡಲೂ ಇಲ್ಲ. ಅಮ್ಮನ ಕೈ ಹಿಡಿದು ಮೆಟ್ಟಿಲ ಮೇಲೆ ಕರೆದೊಯ್ದಳು. ತಿರುವು ಬಂದಲ್ಲಿ, "ನಿಧಾನ, ಇಲ್ಲಿ ಸ್ವಲ್ಪ ಕತ್ತಲೆ," ಎಂದು ಎಚ್ಚರಿಸಿದಳು. ಎಷ್ಟು ಜೋಪಾನವಾಗಿ ಹಿಡಿದಿದ್ದಳೆಂದರೆ ಪುಕ್ಕಲಿಯೇ ಕೂಸು ಎನ್ನಬೇಕು.

ಸೈನಿಕ, ಆಟಗಾರ, ನಾಯಿ, ಆಮೇಲೆ ಅದು. ಚಿತ್ರದ ಮುಂದೆ ಪುಕ್ಕಲಿ ನಿಂತಳು. ಬಿಳಿ ಚಾದರ ಹಣೆಯಿಂದ ಹಿಂದೆ ಸರಿದಿತ್ತು. ಒಳಗಿದ್ದದ್ದು ಅವಳ ಮುಖ. ಹೋಲುವ ಮುಖವಲ್ಲ, ಅವಳದೇ. ವಯಸ್ಸು ಮಾತ್ರ ಹತ್ತು ಹನ್ನೆರಡು ವರ್ಷ ಕಮ್ಮಿ. ಕಣ್ಣಲ್ಲಿ ಮೇಸ್ತ್ರಿಯನ್ನು ಬೈದು ಬಂದ ಬಿಸಿ. ಓರೆ ಹಲ್ಲು ಬಟ್ಟೆಯ ತುದಿಯನ್ನು ಕಚ್ಚಿತ್ತು. ಕೂಸನ್ನು ಹಿಡಿದ ಮುಂಗೈಯ ಮೇಲೆ, ಇರಬೇಕಾದ ಜಾಗದಲ್ಲೇ, ಕೆಂಪು ಕಲೆ. ಕನ್ನಡಿಯಲ್ಲಿ ಇಷ್ಟು ವರ್ಷ ಹುಡುಕಿಯೂ ಸಿಗದಿದ್ದವಳು ಕಾಗದದೊಳಗಿಂದ ಅವಳನ್ನು ನೋಡುತ್ತಿದ್ದಳು.

ಚಿತ್ರಕಲೆಯ ಟೀಚರ್ ಬಂದಳು. "ಇವರು?"

"ನಮ್ಮಮ್ಮ ಮಿಸ್. ಬಟ್ಟೆಮನೆಯಲ್ಲಿ ಕೆಲಸ."

ಟೀಚರ್ ಚಿತ್ರ ನೋಡಿದಳು, ತಾಯಿಯನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. "ಓಹೋ! ಅಮ್ಮನನ್ನೇ ಬರೆದಿದ್ದೀಯ!"

ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ಚಿತ್ರ ಬರೆಯುವವರು ಅಳೆಯುವಂತೆ ಒಂದು ಕಣ್ಣು ಕಿರಿದು ಮಾಡಿ ಅಮ್ಮನ ಮುಖವನ್ನು ದಿಟ್ಟಿಸಿದಳು. ಪುಕ್ಕಲಿ ಉಸಿರು ಹಿಡಿದು ನಿಂತಳು. ಓರೆ ಹಲ್ಲು ಕಾಣಲೆಂದು ತುಟಿಯನ್ನು ಸ್ವಲ್ಪ ಬಿಟ್ಟಳು ಕೂಡ. ಮಗಳ ಕಣ್ಣು ಹಣೆಯಿಂದ ಗಲ್ಲದ ತನಕ ಇಳಿದು, ಗಾಜಿನ ಮೇಲೆ ನೀರು ಜಾರಿದ ಹಾಗೆ, ಎಲ್ಲಿಯೂ ನಿಲ್ಲದೆ ಜಾರಿಹೋಯಿತು.

"ಎಲ್ಲಿ ಮಿಸ್? ಒಂಚೂರೂ ಇಲ್ಲ," ಎಂದು ನಕ್ಕಳು. "ನಮ್ಮಮ್ಮ ಲಿಫ್ಟೂ ಹತ್ತಲ್ಲ."

ಟೀಚರ್‌ ಪುಕ್ಕಲಿಯ ಕಡೆ ನೋಡಿದಳು, ನೀವೇ ಹೇಳಿ ಎನ್ನುವಂತೆ. ಒಂದು ಮಾತು ಸಾಕಿತ್ತು. ತೋಳು ಮಡಚಿ ಕಲೆ ತೋರಿಸಿದ್ದರೂ ಸಾಕಿತ್ತು. ಪುಕ್ಕಲಿ ಸೆರಗನ್ನು ಮುಂಗೈಯ ಮೇಲೆ ಎಳೆದುಕೊಂಡು, "ಇವಳು ಚಿಕ್ಕಂದಿನಿಂದ ಚೆನ್ನಾಗಿ ಬರೀತಾಳೆ," ಎಂದಳು.

ಮನೆಗೆ ಬಂದಾಗ ಸಂಜೆಯ ಬೆಳಕಿತ್ತು. ಬಟ್ಟೆ ಬದಲಿಸುವ ಮೊದಲು ಅವಳು ತಾರಸಿಗೆ ಹೋಗಿ ಚಾದರ ತೆಗೆದಳು. ಅದು ಇನ್ನೂ ಒದ್ದೆಯಾಗಿಯೇ ಇತ್ತು. ಕೆಳಗೆ ತಂದು, ಅಗಲ ಬಾಯಿಯ ದೊಡ್ಡ ಬಕೆಟ್ಟನ್ನು ಮುಂಬಾಗಿಲ ಹಿಂದೆ ಇಟ್ಟು, ತುಂಬ ನೀರು ಹಾಕಿದಳು. ಚಾದರವನ್ನು ಬಟ್ಟೆಮನೆಯ ಹಳೆಯ ಕ್ರಮದಂತೆ ಸುರುಳಿ ಮಾಡಿ ಮುಳುಗಿಸಿದಳು. ಹಲ್ಲಿನ ಗುರುತಿದ್ದ ಮೂಲೆಯನ್ನು ಮಾತ್ರ ಮುಳುಗಿಸದೆ, ಅವಸರದಲ್ಲಿ ಬಂದವರಿಗೆ ತಡಕಾಡದೆ ಸಿಗುವಂತೆ, ಬಕೆಟ್ಟಿನ ಅಂಚಿನ ಮೇಲೆ ಹೊರಗೆ ಬಿಟ್ಟಳು.

ಒಳಗಿನಿಂದ ಮಗಳು ಕರೆದಳು, "ಅಮ್ಮಾ!"

"ಓ," ಎಂದಳು ಪುಕ್ಕಲಿ. ತಕ್ಷಣ, ಗಟ್ಟಿಯಾಗಿ.

ಅತ್ತೆ ಕೋಲೂರಿಕೊಂಡು ಬಂದು ಬಕೆಟ್ಟಿನೊಳಗೆ ಇಣುಕಿದಳು. "ಇದೇನೇ ಬಾಗಿಲಲ್ಲಿ, ಕಾಲಿಗೆ ಸಿಗೋ ಹಾಗೆ?"

"ನೆನೆಹಾಕಿದೀನಿ ಅತ್ತೆ."

"ಯಾವಾಗ ಒಗೀತೀಯ?"

"ನಾಳೆ," ಎಂದಳು ಪುಕ್ಕಲಿ. ನಾಳೆ ಕೇಳಿದರೂ ನಾಳೆ ಎಂದೇ ಹೇಳುವುದೆಂದು ಅವಳು ಆಗಲೇ ನಿಶ್ಚಯ ಮಾಡಿಕೊಂಡಿದ್ದಳು. ಒದ್ದೆ ಕೈ ಒರೆಸಿಕೊಂಡು ಒಳಗೆ ಹೋದಳು. ಮುಂಬಾಗಿಲ ಅಗುಳಿಯನ್ನು, ದಿನದಂತೆ, ಹಾಕದೆ ಬಿಟ್ಟಳು.